ದಿಂಬಿನ ಕೆಳಗಣ ಪುಸ್ತಕ

ಹದಿನಾಲ್ಕು ಹದಿನೈದು ವರುಷದ ಮಕ್ಕಳಿರುವ ಮನೆಗಳಲ್ಲಿ ಬೆಳಗ್ಗೆ ಹಾಸಿಗೆ ಮಡಿಸುವಾಗ ದಿಂಬಿನ ಕೆಳಗೆ ಒಂದು ಪುಸ್ತಕ ಸಿಕ್ಕುವುದು ಅಪೂರ್ವವಾದ ಸಂಗತಿಯೇನೂ ಅಲ್ಲ. ಅದು ಪಾಠದ ಪುಸ್ತಕವಾಗಿದ್ದ ಪಕ್ಷದಲ್ಲಿ ದಿಂಬಿನ ಕೆಳಗೆ ಇರುತ್ತಿರಲಿಲ್ಲವೆಂಬುದು ಸ್ಪಷ್ಟ. ರಟ್ಟಿನ ಮೇಲೆ ಒಬ್ಬ ಹುಡುಗ, ಒಬ್ಬ ಹುಡುಗಿ, ಇಂಗ್ಲಿಷ್ ಹೆಸರು, ಒಳಗೆ ಅಲ್ಲಲ್ಲಿ ಮೂಲೆ ಮಡಿಸಿದ ಹಾಳೆಗಳು. ತಾಯಿ ಅದನ್ನು ತಂದೆಗೆ ತೋರಿಸುತ್ತಾಳೆ. ತಂದೆ ನಡುವೆ ಎಲ್ಲಿಯೋ ತೆರೆದು ನಾಲ್ಕು ಸಾಲು ಓದಿ ಹುಬ್ಬು ಗಂಟಿಕ್ಕುತ್ತಾನೆ. ಪುಸ್ತಕ ಬೀರುವಿನ ಮೇಲಂತಸ್ತಿಗೆ ಏರುತ್ತದೆ. ಸಂಜೆ ಮಗಳು ಬಂದು ಹುಡುಕುತ್ತಾಳೆ. ಯಾರನ್ನೂ ಏನೂ ಕೇಳುವುದಿಲ್ಲ. ಮನೆಯಲ್ಲಿ ಈ ವಿಷಯವಾಗಿ ಒಂದು ಮಾತೂ ನಡೆಯುವುದಿಲ್ಲ. ಆದರೆ ಆ ದಿನ ಮೊದಲ್ಗೊಂಡು ದಿಂಬಿನ ಕೆಳಗೂ ಪುಸ್ತಕ ಕಾಣಿಸುವುದಿಲ್ಲ.

ಇಂತಹ ಕಾದಂಬರಿಗಳನ್ನು ಮಕ್ಕಳ ಕೈಗೆ ಕೊಡಬಹುದೆ, ಕೊಟ್ಟರೆ ಯಾವ ವಯಸ್ಸಿಗೆ ಯಾವುದನ್ನು ಕೊಡಬೇಕು ಎಂಬ ಪ್ರಶ್ನೆ ಅನೇಕ ತಾಯಿತಂದೆಯರ ಮನಸ್ಸಿನಲ್ಲಿ ಇರುವುದನ್ನು ಬಲ್ಲೆವು. ಆದುದರಿಂದ ಈ ತಿಂಗಳು ಹೊಸ ಪುಸ್ತಕಗಳನ್ನು ಬದಿಗಿಟ್ಟು, ಈ ಜಾತಿಯ ಬರವಣಿಗೆಗೆ ದಾರಿ ಹಾಕಿಕೊಟ್ಟ ಕೆಲವು ಗ್ರಂಥಗಳನ್ನು ಮೊದಲಿಂದ ಕಡೆಯವರೆಗೆ ಸಾವಧಾನವಾಗಿ ಓದಿದೆವು. ಓದಿದ ಮೇಲೆ ನಮಗೆ ತೋರಿದುದು ಇಷ್ಟು: ದೊಡ್ಡವರು ಈ ಪುಸ್ತಕಗಳಲ್ಲಿ ಪ್ರೇಮವೆಲ್ಲಿದೆಯೆಂದು ಹುಡುಕುತ್ತಾರೆ, ಕಂಡಲ್ಲಿ ಭಯಪಡುತ್ತಾರೆ, ಮಕ್ಕಳಾದರೋ ಅದೇ ಪುಸ್ತಕಗಳಲ್ಲಿ ಬಹುಮಟ್ಟಿಗೆ ಬೇರೊಂದನ್ನು ಓದುತ್ತಿರುತ್ತಾರೆ. ಅವರು ಓದುವುದು ಸ್ನೇಹದ ಕಥೆಯನ್ನು. ತಾನು ಯಾರು, ತನ್ನವರು ಯಾರು ಎಂಬುದು ಆ ವಯಸ್ಸಿನಲ್ಲಿ ಗೆಳೆಯರ ಕಣ್ಣಿನಿಂದಲೇ ತಿಳಿಯತಕ್ಕ ವಿಷಯ. ಪ್ರೇಮ ಆ ಮೇಲೆ ಬರುವಂಥದು.

ನಮ್ಮಲ್ಲಿ ಬಹುಕಾಲ ಈ ವಯಸ್ಸಿಗೆಂದು ಬೇರೆ ಪುಸ್ತಕವೇ ಇರಲಿಲ್ಲ. ಮಕ್ಕಳು 'ಚಂದಮಾಮ'ವನ್ನು ಮುಗಿಸಿ ನೇರವಾಗಿ ಅಕ್ಕನೋ ಅತ್ತೆಯೋ ತಂದಿಟ್ಟ ತ್ರಿವೇಣಿಯವರ ಕಾದಂಬರಿಗೆ ಕೈಹಾಕುತ್ತಿದ್ದರು, ಅರ್ಥವಾದಷ್ಟು ಅರ್ಥವಾಯಿತು. ಅಮೆರಿಕದಲ್ಲಿ ಮಾತ್ರ ಕಳೆದ ಶತಮಾನದ ಮಧ್ಯಭಾಗದಲ್ಲಿ ಈ ಎರಡರ ನಡುವೆ ಒಂದು ಪ್ರತ್ಯೇಕ ಕಪಾಟು ಹುಟ್ಟಿತು. ಅದನ್ನು ಹುಟ್ಟಿಸಿದವರಲ್ಲಿ ಲೇಖಕರಿಗಿಂತ ಗ್ರಂಥಪಾಲಕಿಯರ ಪಾಲು ಹೆಚ್ಚು. ಬಾಲ್ಟಿಮೋರ್ ನಗರದ ಇನಾಕ್ ಪ್ರ್ಯಾಟ್ ಪುಸ್ತಕಾಲಯದಲ್ಲಿದ್ದ ಮಾರ್ಗರೆಟ್ ಎಡ್ವರ್ಡ್ಸ್ ಎಂಬಾಕೆ, ಮಕ್ಕಳ ಕೋಣೆಗೆ ದೊಡ್ಡವರಾಗಿ ದೊಡ್ಡವರ ಕೋಣೆಗೆ ಚಿಕ್ಕವರಾಗಿ ಬಾಗಿಲಲ್ಲಿ ನಿಂತಿರುತ್ತಿದ್ದ ಹುಡುಗ ಹುಡುಗಿಯರನ್ನು ಕರೆದು ಕೂರಿಸಿ ಪುಸ್ತಕ ಕೊಡುವುದನ್ನೇ ತನ್ನ ಜೀವನದ ಕೆಲಸವಾಗಿ ಮಾಡಿಕೊಂಡಳು. ೧೯೪೦ರ ದಶಕದಲ್ಲಿ ಕುದುರೆಗಾಡಿಯಲ್ಲಿ ಪುಸ್ತಕಗಳನ್ನು ಹೇರಿಕೊಂಡು ಬೀದಿ ಬೀದಿಗೆ ಹೋದದ್ದೂ ಉಂಟು. ೧೯೫೭ರಲ್ಲಿ ಅಮೆರಿಕದ ಗ್ರಂಥಾಲಯ ಸಂಘವು ಈ ವಯಸ್ಸಿನ ಓದುಗರಿಗಾಗಿಯೇ ಒಂದು ವಿಭಾಗವನ್ನು ತೆರೆಯಿತು. 'ಯಂಗ್ ಅಡಲ್ಟ್' ಎಂದು ಇಂದು ಅಂಗಡಿಗಳಲ್ಲಿ ಹಲಗೆ ಹಾಕಿ ಮಾರುವ ಪುಸ್ತಕಗಳ ಪೂರ್ವಕಥೆ ಇದು.

ಆ ಕಪಾಟಿನ ಹಿರಿಯಕ್ಕನೆನ್ನಬಹುದಾದ ಕಾದಂಬರಿ ಮೌರೀನ್ ಡೇಲಿಯವರ 'ಸೆವೆಂಟೀಂತ್ ಸಮರ್'. ೧೯೪೨ರಲ್ಲಿ ಪ್ರಕಟವಾಯಿತು, ಆಗ ಗ್ರಂಥಕರ್ತ್ರಿ ಇನ್ನೂ ಕಾಲೇಜಿನ ವಿದ್ಯಾರ್ಥಿನಿ. ವಿಸ್ಕಾನ್ಸಿನ್ ಪ್ರಾಂತದ ಸರೋವರದ ದಡದಲ್ಲಿರುವ ಒಂದು ಚಿಕ್ಕ ಊರು. ಏಂಜಿ ಎಂಬ ಹದಿನೇಳರ ಹುಡುಗಿ ಹೈಸ್ಕೂಲು ಮುಗಿಸಿ ಕಾಲೇಜಿಗೆ ಹೋಗುವ ಮುಂಚಿನ ಬೇಸಗೆ ರಜ. ರೊಟ್ಟಿ ಸುಡುವ ಭಟ್ಟಿಯವನ ಮಗ ಜ್ಯಾಕ್ ಅವಳನ್ನು ದೋಣಿಯಲ್ಲಿ ವಿಹಾರಕ್ಕೆ ಕರೆಯುತ್ತಾನೆ. ಅಲ್ಲಿಂದ ಮುಂದೆ ಮೂರು ತಿಂಗಳು ಕಥೆಯಲ್ಲಿ ಹೇಳಿಕೊಳ್ಳುವಂಥ ಘಟನೆಯೇ ನಡೆಯುವುದಿಲ್ಲ. ದಪ್ಪ ಪುಸ್ತಕದ ತುಂಬ ಹಿತ್ತಲ ತೋಟ, ತರಕಾರಿ, ಒಗೆದ ಬಟ್ಟೆ, ತಾಯಿಯ ತಲೆನೋವು, ಅಕ್ಕಂದಿರ ಮಾತು, ಟೆಲಿಫೋನು ಯಾವಾಗ ಬಾರಿಸೀತೆಂಬ ನಿರೀಕ್ಷೆ ಇವೇ ಇವೆ. ಇಂದಿನ ಹುಡುಗಿಯರಿಗೆ ಇದು ನಿಧಾನವೆನಿಸೀತು. ನಮಗೂ ಕೆಲವೆಡೆ ಹಾಗೆಯೇ ಎನಿಸಿತು.

ಆದರೂ ಅದರಲ್ಲಿ ಒಂದು ಸನ್ನಿವೇಶವನ್ನು ಮರೆಯುವಂತಿಲ್ಲ. ಜ್ಯಾಕ್ ಮೊದಲನೆಯ ಸಲ ಏಂಜಿಯ ಮನೆಗೆ ಊಟಕ್ಕೆ ಬರುತ್ತಾನೆ. ಮನೆಯವರೆಲ್ಲ ಮೇಜಿನ ಸುತ್ತ ಕುಳಿತಿದ್ದಾರೆ. ಅವನು ತಿನ್ನುವಾಗ ಚಮಚ ಹಲ್ಲಿಗೆ ತಾಗಿ ಸದ್ದಾಗುತ್ತದೆ. ಅಷ್ಟೆ. ಯಾರೂ ಏನೂ ಅನ್ನುವುದಿಲ್ಲ. ಆದರೆ ಎಲ್ಲರೂ ಕೇಳಿಸಿಕೊಂಡರೆಂದು ಏಂಜಿಗೆ ಗೊತ್ತಾಗುತ್ತದೆ, ಮನಸ್ಸು ಕುಗ್ಗುತ್ತದೆ. ಪ್ರಿಯನ ಮೇಲಿನ ಮುನಿಸೋ, ಮನೆಯವರ ಮೇಲಿನ ಮುನಿಸೋ, ತನ್ನ ಮೇಲಿನ ನಾಚಿಕೆಯೋ ಅವಳಿಗೇ ತಿಳಿಯದು. ನೆಂಟಸ್ತನದ ಮಾತುಕತೆಗಳಲ್ಲಿ ಗಂಡಿನ ಕಡೆಯವರು ಕಾಫಿ ಕುಡಿಯುವ ರೀತಿಯನ್ನು ಗಮನಿಸಿದ ಗೃಹಿಣಿಯರಿಗೆ ಈ ಸದ್ದಿನ ಅರ್ಥವನ್ನು ನಾವು ವಿವರಿಸಬೇಕಾಗಿಲ್ಲ. ಬೇಸಗೆ ಮುಗಿದಾಗ ಅವಳು ಷಿಕಾಗೋವಿನ ಕಾಲೇಜಿಗೂ ಅವನು ತನ್ನ ಮನೆಯವರೊಡನೆ ಒಕ್ಲಹೋಮಕ್ಕೂ ಹೊರಟುಹೋಗುತ್ತಾರೆ. ಯಾರೂ ವಿಷ ಕುಡಿಯುವುದಿಲ್ಲ, ಯಾರೂ ಓಡಿಹೋಗುವುದಿಲ್ಲ. ಪ್ರೇಮ ಬಂದಿತು, ಒಂದು ಋತುವಿನಷ್ಟು ಕಾಲ ಇದ್ದಿತು, ಹೋಯಿತು.

ಈಗ ನಾವು ಮುಖ್ಯವಾಗಿ ಹೇಳಬೇಕೆಂದಿರುವ ಪುಸ್ತಕಕ್ಕೆ ಬರುತ್ತೇವೆ. ಒಕ್ಲಹೋಮ ಪ್ರಾಂತದ ಟಲ್ಸಾ ನಗರದ ಒಂದು ಹೈಸ್ಕೂಲಿನಲ್ಲಿ ಓದುತ್ತಿದ್ದ ಸೂಸನ್ ಹಿಂಟನ್ ಎಂಬ ಹುಡುಗಿ ತನ್ನ ಹದಿನೈದನೆಯ ವಯಸ್ಸಿನಲ್ಲಿ ಒಂದು ಕಥೆಯನ್ನು ಬರೆಯಲು ತೊಡಗಿದಳು. ಅವಳ ಪರಿಚಯದ ಹುಡುಗನೊಬ್ಬನನ್ನು ಶಾಲೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಬೇರೆ ಗುಂಪಿನವರು ಹಿಡಿದು ಹೊಡೆದಿದ್ದರು. ಅದರ ಸಿಟ್ಟು ಕಥೆಯ ಬೀಜವಾಯಿತೆಂದು ಆಕೆ ಆ ಮೇಲೆ ಹೇಳಿದ್ದಾರೆ. ಬರೆಯುತ್ತಿದ್ದ ವರುಷವೇ ಶಾಲೆಯ ರಚನಾಲೇಖನದ ತರಗತಿಯಲ್ಲಿ ಬಹಳ ಕೆಳಗಿನ ದರ್ಜೆಯ ಗುರುತು ಬಂದಿತಂತೆ. ಉಪಾಧ್ಯಾಯ ಬಂಧುಗಳು ಇದನ್ನು ಗಮನಿಸಬೇಕು. 'ದಿ ಔಟ್‌ಸೈಡರ್ಸ್' ಎಂಬ ಹೆಸರಿನಿಂದ ೧೯೬೭ರಲ್ಲಿ ಪುಸ್ತಕ ಅಚ್ಚಾದಾಗ ಆಕೆಗೆ ೧೮ ವರುಷ. ಹುಡುಗರ ಬೀದಿಜಗಳದ ಕಥೆಯನ್ನು ಹೆಣ್ಣು ಬರೆದಳೆಂದರೆ ವಿಮರ್ಶಕರು ಓದುವ ಮೊದಲೇ ಮೂಗು ಮುರಿದಾರೆಂದು ಪ್ರಕಾಶಕರು ಹೆಸರನ್ನು 'ಎಸ್. ಇ. ಹಿಂಟನ್' ಎಂದು ಎರಡು ಅಕ್ಷರಕ್ಕೆ ಇಳಿಸಿದರು. ತಾನು ಯಾರೆಂಬುದನ್ನು ಹುಡುಕುವ ಹುಡುಗನ ಕಥೆ, ಬರೆದವಳು ಯಾರೆಂಬುದನ್ನು ಮರೆಸಿಕೊಂಡು ಲೋಕಕ್ಕೆ ಬಂದಿತು.

ಕಥೆಯ ನಾಯಕ ಪೋನಿಬಾಯ್ ಹದಿನಾಲ್ಕರ ಹುಡುಗ. ತಾಯಿತಂದೆ ಮೋಟಾರು ಅಪಘಾತದಲ್ಲಿ ತೀರಿಕೊಂಡಿದ್ದಾರೆ. ಇಪ್ಪತ್ತು ವರುಷದ ಹಿರಿಯಣ್ಣ ಡ್ಯಾರಿ ಕಾಲೇಜಿನ ಆಸೆಯನ್ನು ಬಿಟ್ಟು ಕೂಲಿನಾಲಿ ಮಾಡಿ ತಮ್ಮಂದಿರನ್ನು ಸಾಕುತ್ತಿದ್ದಾನೆ. ನಡುವಣವನು ಸೋಡಾಪಾಪ್ ಓದು ಬಿಟ್ಟು ಪೆಟ್ರೋಲು ಅಂಗಡಿಗೆ ಸೇರಿದ್ದಾನೆ. ಊರಿನ ಪೂರ್ವಭಾಗದ ಬಡ ಹುಡುಗರಿಗೆ 'ಗ್ರೀಸರ್'ಗಳೆಂದು ಹೆಸರು. ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಉದ್ದ ಕೂದಲು ಅವರ ಗುರುತು. ಪಶ್ಚಿಮಭಾಗದ ಸಿರಿವಂತರ ಮಕ್ಕಳು 'ಸೋಷ್'ಗಳು. ಎರಡು ಗುಂಪಿಗೂ ಸದಾ ಹೊಡೆದಾಟ. ಒಂದು ರಾತ್ರಿ ಸೋಷ್ ಹುಡುಗರು ಪೋನಿಬಾಯ್‌ಯನ್ನು ಉದ್ಯಾನದ ಕಾರಂಜಿಯಲ್ಲಿ ಅದುಮಿ ಕೊಲ್ಲುವುದರಲ್ಲಿದ್ದಾಗ, ಅವನ ಗೆಳೆಯ ಜಾನಿ ಚೂರಿಯಿಂದ ಒಬ್ಬನನ್ನು ಇರಿಯುತ್ತಾನೆ; ಅವನು ಸಾಯುತ್ತಾನೆ. ಇಬ್ಬರೂ ಗೂಡ್ಸ್ ಗಾಡಿ ಹತ್ತಿ ಓಡಿಹೋಗಿ ಬೆಟ್ಟದ ಮೇಲಿನ ಒಂದು ಪಾಳು ಇಗರ್ಜಿಯಲ್ಲಿ ಅಡಗುತ್ತಾರೆ.

ಈ ಪಾಳು ಇಗರ್ಜಿಯ ಐದಾರು ದಿನಗಳೇ ಪುಸ್ತಕದ ಪ್ರಾಣ. ಗುರುತು ಸಿಕ್ಕಬಾರದೆಂದು ಇಬ್ಬರೂ ಕೂದಲನ್ನು ಕತ್ತರಿಸಿಕೊಳ್ಳುತ್ತಾರೆ. ಪೋನಿಬಾಯ್‌ಯ ಕೂದಲಿಗೆ ಬಣ್ಣ ಹೋಗುವ ಔಷಧವನ್ನೂ ಹಚ್ಚುತ್ತಾರೆ. ಕೊಲೆಯ ಭಯ, ಪೋಲೀಸರ ಭಯ, ಹಸಿವು, ಚಳಿ ಯಾವುದಕ್ಕೂ ಅಷ್ಟಾಗಿ ಅಳುಕದ ಹುಡುಗ ಕೂದಲು ಹೋದಾಗ ಕಂಗೆಡುತ್ತಾನೆ. ದೊಡ್ಡವರಿಗೆ ಇದು ನಗೆಯ ಮಾತು. ಆದರೆ ಯೋಚಿಸಿ ನೋಡಿದರೆ, ಆ ಹುಡುಗನಿಗೆ ಲೋಕದಲ್ಲಿ ಇದ್ದ ಒಂದೇ ಸ್ವತ್ತು ಅದು. 'ನಾನು ಇವರವನು' ಎಂದು ಹೇಳುತ್ತಿದ್ದ ಒಂದೇ ಚಿಹ್ನೆ. ನಮ್ಮ ಮನೆಗಳಲ್ಲಿ ಮಗನ ತಲೆಕೂದಲಿನ ವಿಷಯವಾಗಿ ಭಾನುವಾರ ಬೆಳಗ್ಗೆ ನಡೆಯುವ ಯುದ್ಧಗಳನ್ನು ಕಂಡವರು ಈ ನಾಲ್ಕು ಪುಟಗಳನ್ನು ಓದಿದರೆ ಅಷ್ಟು ಗಟ್ಟಿಯಾಗಿ ಗದರಿಸಲಾರರು.

ಹೊತ್ತು ಕಳೆಯಲೆಂದು ಪೋನಿಬಾಯ್ 'ಗಾನ್ ವಿತ್ ದಿ ವಿಂಡ್' ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಾನೆ, ಜಾನಿ ಕೇಳುತ್ತಾನೆ. ಜಾನಿ ಶಾಲೆಯಲ್ಲಿ ದಡ್ಡನೆಂದು ಹೆಸರಾದವನು. ಮನೆಯಲ್ಲಿ ಅಪ್ಪನ ಏಟು, ಅಮ್ಮನ ಬೈಗುಳ. ಅಂಥವನು ಕಥೆಯನ್ನು ಕೇಳುತ್ತ ಪೋನಿಬಾಯ್‌ಗೆ ತಿಳಿಯದಿದ್ದ ಅರ್ಥಗಳನ್ನು ಹೇಳುತ್ತಾನೆ. ಒಂದು ಬೆಳಗಿನ ಜಾವ ಕಣಿವೆಯ ಮಂಜಿನ ಮೇಲೆ ಹೊಂಬಣ್ಣ ಮೂಡಿದಾಗ ಪೋನಿಬಾಯ್ ರಾಬರ್ಟ್ ಫ್ರಾಸ್ಟ್ ಕವಿಯ ಒಂದು ಕಿರುಗವಿತೆಯನ್ನು ಹೇಳುತ್ತಾನೆ; ಬೇರೆ ಗೆಳೆಯರ ಮುಂದೆ ಹೇಳಿದ್ದರೆ ನಕ್ಕುಬಿಡುತ್ತಿದ್ದರು. ಯಾರ ಮುಂದೆ ನಾಚಿಕೆಯಿಲ್ಲದೆ ಒಂದು ಪದ್ಯವನ್ನು ಹೇಳಬಹುದೋ ಅವನು ಗೆಳೆಯ. ಹದಿನಾಲ್ಕರ ವಯಸ್ಸಿನಲ್ಲಿ ಇದಕ್ಕಿಂತ ದೊಡ್ಡ ಆಪ್ತತೆಯನ್ನು ನಾವು ಕಾಣೆವು.

ಕರ್ಣನ ಕಥೆಯನ್ನು ಕೇಳಿ ಬೆಳೆದ ಮನೆಗಳಿಗೆ ಇದು ಹೊಸ ಮಾತಲ್ಲ. ಹೆತ್ತ ತಾಯಿಯೇ ಬಂದು ಹುಟ್ಟನ್ನು ತಿಳಿಸಿದರೂ, ಎಲ್ಲರೂ ಸೂತಪುತ್ರನೆಂದು ಹಳಿದಾಗ ಕೈಹಿಡಿದವನನ್ನು ಬಿಡಲು ಅವನು ಒಪ್ಪಲಿಲ್ಲವಷ್ಟೆ. ತಾನು ಯಾರೆಂಬುದನ್ನು ಅವನಿಗೆ ಹುಟ್ಟು ಹೇಳಿಕೊಡಲಿಲ್ಲ, ಸ್ನೇಹ ಹೇಳಿಕೊಟ್ಟಿತು. ಟಲ್ಸಾದ ಹುಡುಗರ ಪಾಡೂ ಅದೇ. ಆ ಸ್ನೇಹ ಅವರನ್ನು ಒಳ್ಳೆಯ ದಾರಿಯಲ್ಲೇ ಒಯ್ಯುತ್ತದೆಂದು ಹಿಂಟನ್ ಹೇಳುವುದಿಲ್ಲ. ಇಗರ್ಜಿಗೆ ಬೆಂಕಿ ಬಿದ್ದು ಒಳಗೆ ಸಿಕ್ಕಿಕೊಂಡ ಪುಟ್ಟ ಮಕ್ಕಳನ್ನು ಉಳಿಸಲು ಹೋಗಿ ಜಾನಿಯ ಬೆನ್ನುಮೂಳೆ ಮುರಿಯುತ್ತದೆ, ಆಸ್ಪತ್ರೆಯಲ್ಲಿ ಸಾಯುತ್ತಾನೆ. ಅವನನ್ನು ತಮ್ಮನಂತೆ ಕಾಣುತ್ತಿದ್ದ ಡ್ಯಾಲಿ ಎಂಬ ಒರಟನು ಆ ದುಃಖವನ್ನು ತಾಳಲಾರದೆ ಅಂಗಡಿಯನ್ನು ದೋಚಿ, ಗುಂಡಿಲ್ಲದ ಪಿಸ್ತೂಲನ್ನು ಪೋಲೀಸರ ಮೇಲೆ ಹಿಡಿದು ಬೇಕೆಂತಲೇ ಗುಂಡಿಗೆ ಎದೆಯೊಡ್ಡುತ್ತಾನೆ.

ಇಷ್ಟರಲ್ಲಿ ಪ್ರೇಮವೆಲ್ಲಿ? ಚೆರ್ರಿ ಎಂಬ ಸೋಷ್ ಹುಡುಗಿ ಒಬ್ಬಳಿದ್ದಾಳೆ. ಸಿನಿಮಾ ನೋಡುವಲ್ಲಿ ಪೋನಿಬಾಯ್‌ಯೊಡನೆ ಮಾತಿಗೆ ನಿಲ್ಲುತ್ತಾಳೆ. ತಾವಿಬ್ಬರೂ ಊರಿನ ಎರಡು ತುದಿಯಿಂದ ಒಂದೇ ಸೂರ್ಯಾಸ್ತವನ್ನು ನೋಡುತ್ತೇವೆಂಬುದು ಇಬ್ಬರಿಗೂ ಹೊಳೆಯುತ್ತದೆ. ಆದರೂ ಶಾಲೆಯ ಅಂಗಳದಲ್ಲಿ ಎದುರು ಬಂದಾಗ ಮಾತಾಡಿಸದಿದ್ದರೆ ತಪ್ಪು ತಿಳಿಯಬೇಡವೆಂದು ಮೊದಲೇ ಹೇಳಿಬಿಡುತ್ತಾಳೆ. ಹಣವಂತರ ಮನೆಯ ಗೆಳತಿ ಮದುವೆ ಮಂಟಪದಲ್ಲಿ ಗುರುತು ಕಾಣದಂತೆ ಮುಖ ತಿರುಗಿಸಿದ ಅನುಭವವುಳ್ಳವರಿಗೆ ಈ ಮಾತು ನಾಟುತ್ತದೆ. ಇನ್ನು ಸೋಡಾಪಾಪ್‌ನ ಪ್ರೇಮ: ಅವನು ಮದುವೆಯಾಗಬೇಕೆಂದಿದ್ದ ಹುಡುಗಿ ಊರು ಬಿಟ್ಟುಹೋಗುತ್ತಾಳೆ; ಅವನು ಬರೆದ ಕಾಗದ ಒಡೆಯದೆಯೇ ಹಿಂದಿರುಗಿ ಬರುತ್ತದೆ. ಅಣ್ಣತಮ್ಮಂದಿರು ತಮ್ಮ ಜಗಳದಲ್ಲಿ ಮುಳುಗಿ ಅದನ್ನು ಗಮನಿಸಿಯೇ ಇರುವುದಿಲ್ಲ. ಪ್ರೇಮದ ಕಥೆಗೆ ಈ ಪುಸ್ತಕದಲ್ಲಿ ದೊರೆತ ಜಾಗ ಇಷ್ಟೇ.

ದೋಷಗಳಿಲ್ಲವೆಂದಲ್ಲ. ಅಳು ಹೆಚ್ಚು, ಕಾಕತಾಳೀಯ ಹೆಚ್ಚು, ನಾಯಕ ಕಷ್ಟದ ಸಮಯಕ್ಕೆ ಸರಿಯಾಗಿ ಮೂರ್ಛೆ ಹೋಗುತ್ತಾನೆ. ಹೊಡೆದಾಟ, ಸಿಗರೇಟುಗಳ ಕಾರಣದಿಂದ ಇದನ್ನು ಶಾಲೆಯಿಂದ ತೆಗೆಯಬೇಕೆಂದು ಅಮೆರಿಕದಲ್ಲಿಯೇ ಪೋಷಕರು ಕೇಳಿದ್ದುಂಟು. ಅಲ್ಲಿಯ ಉಪಾಧ್ಯಾಯರಾದರೋ ಓದಲೊಲ್ಲದ ಹುಡುಗರ ಕೈಗೆ ಇದನ್ನೇ ಕೊಟ್ಟರು. ಕ್ಯಾಲಿಫೋರ್ನಿಯಾದ ಫ್ರೆಸ್ನೋ ನಗರದ ಒಂದು ಶಾಲೆಯ ಮಕ್ಕಳು ತಮ್ಮ ಗ್ರಂಥಪಾಲಕಿಯೊಡನೆ ಸೇರಿ ಫ್ರಾನ್ಸಿಸ್ ಕೊಪ್ಪೋಲ ಎಂಬ ಪ್ರಸಿದ್ಧ ನಿರ್ದೇಶಕನಿಗೆ ಕಾಗದ ಬರೆದು ಇದನ್ನು ಸಿನಿಮಾ ಮಾಡೆಂದು ಕೇಳಿದರು. ೧೯೮೩ರಲ್ಲಿ ಚಿತ್ರ ಬಂದಿತು. ಗ್ರಂಥಪಾಲಕಿ ಎಡ್ವರ್ಡ್ಸ್ ಅವರ ಹೆಸರಿನಲ್ಲಿ ೧೯೮೮ರಲ್ಲಿ ಸ್ಥಾಪಿತವಾದ ಪ್ರಶಸ್ತಿ ಮೊತ್ತಮೊದಲು ಸಂದದ್ದೂ ಹಿಂಟನ್ ಅವರಿಗೇ.

ಹುಡುಗರ ಮಾತಾಯಿತು, ಹುಡುಗಿಯರ ಸ್ನೇಹ ಬೇರೆಯ ಬಗೆಯದು. ಅಲ್ಲಿ ಚೂರಿಯಿಲ್ಲ, ಪಿಸುಮಾತಿದೆ. ಜೂಡಿ ಬ್ಲೂಮ್ ಅವರು ೧೯೭೦ರಲ್ಲಿ ಬರೆದ 'ಆರ್ ಯೂ ದೇರ್ ಗಾಡ್? ಇಟ್ಸ್ ಮಿ, ಮಾರ್ಗರೆಟ್' ಎಂಬುದು ಹನ್ನೊಂದು ತುಂಬಿ ಹನ್ನೆರಡಕ್ಕೆ ಕಾಲಿಡುವ ಹುಡುಗಿಯ ಕಥೆ. ತಂದೆ ಯೆಹೂದಿ, ತಾಯಿ ಕ್ರೈಸ್ತರ ಮನೆಯವಳು. ಮಗಳನ್ನು ಯಾವ ಮತಕ್ಕೂ ಸೇರಿಸದೆ ಬೆಳೆಸಿದ್ದಾರೆ. ಮಾರ್ಗರೆಟ್ ಯಾರಿಗೂ ಹೇಳದೆ ರಾತ್ರಿ ದೇವರೊಡನೆ ಮಾತನಾಡುತ್ತಾಳೆ. ನ್ಯೂಯಾರ್ಕಿನಿಂದ ನ್ಯೂಜೆರ್ಸಿಯ ಹೊಸ ಊರಿಗೆ ಬಂದವಳನ್ನು ನ್ಯಾನ್ಸಿ ಎಂಬ ನೆರೆಮನೆಯ ಹುಡುಗಿ ತನ್ನ ಗುಟ್ಟಿನ ಕೂಟಕ್ಕೆ ಸೇರಿಸಿಕೊಳ್ಳುತ್ತಾಳೆ. ಅವರಲ್ಲಿ ಯಾರು ಮೊದಲು ಮೈನೆರೆಯುವರೋ ಅವರು ಉಳಿದವರಿಗೆ ಎಲ್ಲವನ್ನೂ ಹೇಳಬೇಕೆಂಬುದು ಕೂಟದ ಕಟ್ಟಳೆ.

ಈ ಒಂದು ಕಾರಣಕ್ಕಾಗಿ ಪುಸ್ತಕ ಅನೇಕ ಶಾಲೆಗಳಲ್ಲಿ ಬಹಿಷ್ಕಾರಕ್ಕೆ ಗುರಿಯಾಯಿತು. ನಮ್ಮ ಹಿಂದಿನವರು ಹುಡುಗಿ ದೊಡ್ಡವಳಾದಾಗ ಹಸೆಯ ಮೇಲೆ ಕೂರಿಸಿ ಆರತಿ ಎತ್ತಿ, ಚಿಗಳಿ ಕೊಬ್ಬರಿ ತಿನ್ನಿಸಿ ಕೇರಿಗೆಲ್ಲ ಸಾರುತ್ತಿದ್ದರು. ಆದರೆ ಅದು ಏನು, ಏತಕ್ಕೆ ಎಂದು ಆ ಹುಡುಗಿಗೆ ಮಾತ್ರ ಯಾರೂ ಹೇಳುತ್ತಿರಲಿಲ್ಲ. ಈಗ ಬಹುಮನೆಗಳಲ್ಲಿ ಆರತಿಯೂ ಇಲ್ಲ. ಹೇಳುವವರು ಇದ್ದಾರೆಯೆ ಎಂಬುದನ್ನು ತಾಯಂದಿರೇ ಹೇಳಬೇಕು. ಪುಸ್ತಕದಲ್ಲಿ ನ್ಯಾನ್ಸಿ ಪ್ರವಾಸ ಹೋದ ಊರಿನಿಂದ ತನಗೆ ಆಯಿತೆಂದು ಕಾರ್ಡು ಬರೆಯುತ್ತಾಳೆ. ಮಾರ್ಗರೆಟ್ ಹೊಟ್ಟೆಕಿಚ್ಚಿನಿಂದ ಕುದಿಯುತ್ತಾಳೆ. ಕೆಲವು ಕಾಲದ ಮೇಲೆ ಒಂದು ಹೋಟೆಲಿನಲ್ಲಿ ನ್ಯಾನ್ಸಿಗೆ ನಿಜವಾಗಿ ಆದಾಗ ಅವಳು ಹೆದರಿ ಅತ್ತುಬಿಡುತ್ತಾಳೆ; ಮೊದಲಿನದು ಸುಳ್ಳೆಂದು ಬಯಲಾಗುತ್ತದೆ. ಯಾರಿಗೂ ಹೇಳಬೇಡವೆಂದು ಬೇಡಿಕೊಳ್ಳುತ್ತಾಳೆ. ಆ ಗಳಿಗೆಯಲ್ಲಿ ಮಾರ್ಗರೆಟ್ಟಿಗೆ ನಾಯಕಿಯಂತೆ ಮೆರೆಯುತ್ತಿದ್ದ ಗೆಳತಿ ತನ್ನಷ್ಟೇ ಅಳುಕುವವಳೆಂದು ಗೊತ್ತಾಗುತ್ತದೆ.

ಇದಕ್ಕಿಂತಲೂ ತೀವ್ರವಾದುದು ಲಾರಾ ಎಂಬ ಹುಡುಗಿಯ ಪ್ರಸಂಗ. ತರಗತಿಯಲ್ಲಿ ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ಮುಂಚೆ ಬೆಳೆದ ಮೈ. ಅಷ್ಟಕ್ಕೇ ಅವಳ ನಡತೆಯ ಮೇಲೆ ನ್ಯಾನ್ಸಿ ಕಥೆ ಕಟ್ಟುತ್ತಾಳೆ. ಮಾರ್ಗರೆಟ್ ಒಂದು ದಿನ ಕೋಪದಲ್ಲಿ ಆ ಮಾತನ್ನು ಲಾರಾಳ ಮುಖಕ್ಕೆ ಎಸೆಯುತ್ತಾಳೆ. ಆಗ ಲಾರಾ ಪಟ್ಟ ಸಂಕಟವನ್ನು ಕಂಡು, ತಾನು ಯಾವ ಗುಂಪಿಗೆ ಸೇರಬೇಕೆಂದು ಇಷ್ಟು ತವಕಪಟ್ಟೆನೋ ಅದು ಎಂಥದೆಂದು ಅವಳಿಗೆ ಅರಿವಾಗುತ್ತದೆ. ಹನ್ನೆರಡರ ಹುಡುಗಿಗೆ ತನ್ನ ಪರಿಚಯವಾಗುವುದು ಹೀಗೆ. ಈ ಪುಸ್ತಕವನ್ನು ಮಗಳಿಗೆ ಕೊಡುವ ಮುಂಚೆ ತಾಯಿ ಒಂದು ಮಧ್ಯಾಹ್ನ ತಾನೇ ಓದಬಹುದು. ಮೂರು ಗಂಟೆಗಿಂತ ಹೆಚ್ಚು ಹಿಡಿಯದು.

ಬ್ಲೂಮ್ ಅವರ ಇನ್ನೊಂದು ಪುಸ್ತಕವೇ ಬೀರುವಿನ ಮೇಲಂತಸ್ತಿಗೆ ಏರತಕ್ಕದ್ದೆಂದು ಎಲ್ಲ ದೇಶದ ಗೃಹಸ್ಥರೂ ಭಾವಿಸಿದುದು. ೧೯೭೫ರ 'ಫಾರೆವರ್'. ಅಲ್ಲಿಯವರೆಗಿನ ಕಥೆಗಳಲ್ಲಿ ಮದುವೆಗೆ ಮುಂಚೆ ಹುಡುಗನೊಡನೆ ಸೇರಿದ ಹುಡುಗಿಗೆ ಯಾವುದಾದರೊಂದು ಘೋರ ಶಿಕ್ಷೆ ಕಾದಿರುತ್ತಿತ್ತು. ಹಾಗೆ ಯಾರೂ ಸಾಯದ ಕಥೆಯೊಂದು ಬೇಕೆಂದು ತಮ್ಮ ಮಗಳೇ ಕೇಳಿದಳೆಂದು ಬ್ಲೂಮ್ ಹೇಳಿದ್ದಾರೆ. ಕ್ಯಾಥರೀನ್, ಮೈಕೇಲ್ ಎಂಬ ಇಬ್ಬರು ಹೈಸ್ಕೂಲಿನ ಕೊನೆಯ ವರುಷದಲ್ಲಿ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ದೇಹಸಂಬಂಧವನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಹುಟ್ಟುಹಬ್ಬಕ್ಕೆ ಅವನು ಕೊಟ್ಟ ಸರದ ಬಿಲ್ಲೆಯಲ್ಲಿ 'ಎಂದೆಂದಿಗೂ' ಎಂಬರ್ಥದ ಮಾತನ್ನು ಕೆತ್ತಿಸಿರುತ್ತಾನೆ. ತಾಯಿತಂದೆಯರು ಬಯ್ಯುವುದಿಲ್ಲ, ಬೀಗ ಹಾಕುವುದಿಲ್ಲ. ತಾಯಿ ಒಂದು ಲೇಖನವನ್ನು ಓದಲು ಕೊಡುತ್ತಾಳೆ. ಅಜ್ಜಿ ಗರ್ಭನಿರೋಧದ ವಿಷಯವಾದ ಕಿರುಹೊತ್ತಗೆಗಳನ್ನು ಅಂಚೆಯಲ್ಲಿ ಕಳುಹಿಸುತ್ತಾಳೆ. ಬೇಸಗೆಗೆ ಮಾತ್ರ ಬೇರೆ ಪ್ರಾಂತದ ಶಿಬಿರಕ್ಕೆ ಕೆಲಸಕ್ಕೆ ಹೋಗಲೇಬೇಕೆಂದು ಪಟ್ಟು ಹಿಡಿಯುತ್ತಾರೆ. ಅಲ್ಲಿ ಅವಳಿಗೆ ಇನ್ನೊಬ್ಬನ ಪರಿಚಯವಾಗುತ್ತದೆ. ತನ್ನ ಮನಸ್ಸು ಬದಲಾಯಿಸಿತೆಂದು ಅವಳಿಗೇ ಮೊದಲು ಗೊತ್ತಾಗುವುದು, ಅದರಿಂದ ಅವಳಿಗೇ ಮೊದಲು ನೋವಾಗುವುದು.

ಶೈಲಿಯ ದೃಷ್ಟಿಯಿಂದ ಇದು ತೆಳುವಾದ ಪುಸ್ತಕ. ಹಿಂಟನ್ ಅವರ ಕಾವಾಗಲಿ ಡೇಲಿಯವರ ಗಾಳಿಬೆಳಕಾಗಲಿ ಇಲ್ಲಿ ಇಲ್ಲ. ಹದಿಮೂರರ ಮಕ್ಕಳಿಗೆ ಇದನ್ನು ಕೊಡಬೇಕೆಂದು ನಾವು ಹೇಳುವುದಿಲ್ಲ. ಹದಿನೇಳಾದವರಿಂದ ಬಚ್ಚಿಡುವುದರಲ್ಲಿ ಅರ್ಥವೂ ಕಾಣದು. ಮೊದಲ ಪ್ರೇಮ ಎಂದೆಂದಿಗೂ ಉಳಿಯುವುದೆಂಬ ಭ್ರಮೆಯನ್ನು ನಮ್ಮ ಸಿನಿಮಾಗಳು ಬೆಳೆಸಿದಷ್ಟನ್ನು ಈ ಪುಸ್ತಕ ಇಳಿಸುತ್ತದೆ.

ಅದೇ ವಸ್ತುವನ್ನು ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣರು ೧೯೩೭ರಲ್ಲಿಯೇ 'ದಿ ಬ್ಯಾಚಲರ್ ಆಫ್ ಆರ್ಟ್ಸ್' ಕಾದಂಬರಿಯಲ್ಲಿ ಹೇಳಿದ್ದರು. ಚಂದ್ರನ್ ಎಂಬ ಪದವೀಧರನು ಸರಯೂ ನದಿಯ ದಂಡೆಯಲ್ಲಿ ಮಾಲತಿಯನ್ನು ಕಾಣುತ್ತಾನೆ. ಅವಳೊಡನೆ ಒಂದು ಮಾತನ್ನೂ ಆಡುವುದಿಲ್ಲ. ಜಾತಕದಲ್ಲಿ ಕುಜದೋಷ ಕಾಣಿಸಿ ಸಂಬಂಧ ಮುರಿದಾಗ ಮದರಾಸಿಗೆ ಓಡಿ, ಕಾವಿ ಉಟ್ಟು ತಿಂಗಳುಗಟ್ಟಲೆ ಅಲೆದು ಮನೆಗೆ ಹಿಂದಿರುಗುತ್ತಾನೆ. ಆ ಮೇಲೆ ಸುಶೀಲೆಯನ್ನು ಮದುವೆಯಾಗಿ ಅವಳನ್ನೇ ಪ್ರೀತಿಸುತ್ತಾನೆ. ನ್ಯೂಜೆರ್ಸಿಯ ಪ್ರೇಮಕ್ಕೂ ಮಾಲ್ಗುಡಿಯ ಪ್ರೇಮಕ್ಕೂ ಹೊರಗಿನ ಅಂತರ ಅಷ್ಟಿಷ್ಟಲ್ಲ. ಆದರೆ ಎರಡೂ ಕಡೆ ಪ್ರೇಮ ಹೋದ ಮೇಲೆ ಮನುಷ್ಯ ಉಳಿಯುತ್ತಾನೆ, ಮನೆ ಅವನನ್ನು ಒಳಕ್ಕೆ ಕರೆದುಕೊಳ್ಳುತ್ತದೆ.

ಗೆಳೆತನ ಹೋದಾಗ ಹಾಗಲ್ಲ. ಮಗಳಿಗೆ ಯಾರ ಮೇಲಾದರೂ ಒಲವಾಯಿತೆಂದು ಅನುಮಾನ ಬಂದರೆ ಮನೆಗೆ ಮನೆಯೇ ಎಚ್ಚೆತ್ತು ಕೂರುತ್ತದೆ. ಆದರೆ ಐದು ವರುಷದಿಂದ ದಿನವೂ ಬರುತ್ತಿದ್ದ ಗೆಳತಿ ಎರಡು ತಿಂಗಳಿಂದ ಬಾಗಿಲಿಗೆ ಬಂದಿಲ್ಲವೆಂಬುದನ್ನು ಎಷ್ಟು ಮನೆಗಳಲ್ಲಿ ಗಮನಿಸುತ್ತಾರೆ? ಗಮನಿಸಿದರೂ, "ಇನ್ನೊಬ್ಬಳು ಸಿಕ್ಕುತ್ತಾಳೆ, ಓದು ನೋಡು" ಎಂದು ಹೇಳಿ ಮುಗಿಸುತ್ತಾರೆ. ಆ ದುಃಖಕ್ಕೆ ನಮ್ಮಲ್ಲಿ ಹೆಸರಿಲ್ಲ, ಸೂತಕವಿಲ್ಲ, ಕೇಳಿ ಸಮಾಧಾನ ಹೇಳುವ ನೆಂಟರಿಲ್ಲ. ಆಗ ಮಕ್ಕಳು ಹೋಗುವುದು ಪುಸ್ತಕದ ಬಳಿಗೆ. ದಿಂಬಿನ ಕೆಳಗೆ ಸಿಕ್ಕಿದುದನ್ನು ಬೀರುವಿಗೆ ಏರಿಸುವ ಮುಂಚೆ, ಮೂಲೆ ಮಡಿಸಿದ ಆ ಹಾಳೆಗಳು ಯಾವುವೆಂದು ದೊಡ್ಡವರು ಒಮ್ಮೆ ನೋಡಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಅವು ಮುತ್ತಿನ ಪುಟಗಳೇ ಆಗಿರಬೇಕೆಂದಿಲ್ಲ. ಜಾನಿ ಸತ್ತ ಪುಟವಾಗಿರಬಹುದು, ನ್ಯಾನ್ಸಿಯ ಸುಳ್ಳು ಬಯಲಾದ ಪುಟವಾಗಿರಬಹುದು.

ಇಂಗ್ಲಿಷಿನ ದೂರದ ಊರುಗಳು ಬೇಡವೆನ್ನುವವರು ನಾರಾಯಣರ ಮೊದಲ ಕಾದಂಬರಿಯನ್ನು ಕೊಡಬಹುದು. ೧೯೩೫ರ 'ಸ್ವಾಮಿ ಅಂಡ್ ಫ್ರೆಂಡ್ಸ್' ಹತ್ತು ವರುಷದ ಹುಡುಗನ ಕಥೆ. ಆಗುಂಬೆಯಲ್ಲಿ ಶಂಕರನಾಗರು ತೆಗೆದ 'ಮಾಲ್ಗುಡಿ ಡೇಸ್' ಧಾರಾವಾಹಿಯಿಂದ ಕನ್ನಡದ ಮನೆಗಳಿಗೆ ಪರಿಚಿತ. ಎಲ್ಲರೂ ಅದನ್ನು ನಗೆಯ ಪುಸ್ತಕವೆಂದು ನೆನೆಯುತ್ತಾರೆ. ಕೊನೆಯ ಅಧ್ಯಾಯವನ್ನು ಮರೆಯುತ್ತಾರೆ. ಸ್ವಾಮಿ ಕ್ರಿಕೆಟ್ ಪಂದ್ಯಕ್ಕೆ ಬಾರದೆ ಹೋದನೆಂದು ರಾಜಂ ಅವನೊಡನೆ ಮಾತು ಬಿಟ್ಟಿದ್ದಾನೆ. ಪೋಲೀಸ್ ಅಧಿಕಾರಿಯಾದ ರಾಜಮನ ತಂದೆಗೆ ವರ್ಗವಾಗಿದೆ. ಬೆಳಗಿನ ಜಾವ ಸ್ವಾಮಿ ತನ್ನ ಆಂಡರ್ಸನ್ನನ ಕಥೆಗಳ ಪುಸ್ತಕದಲ್ಲಿ ಗೆಳೆಯನ ಹೆಸರು ಬರೆದು ಸ್ಟೇಷನ್ನಿಗೆ ತರುತ್ತಾನೆ. ಜನರ ನಡುವೆ ನಿಂತ ರಾಜಮನ ಹತ್ತಿರ ಹೋಗಲು ಧೈರ್ಯ ಬಾರದು. ಗಾಡಿ ಹೊರಡುತ್ತದೆ, ಸ್ವಾಮಿ ಓಡುತ್ತಾನೆ, ಪುಸ್ತಕವನ್ನು ಮಣಿ ಕಸಿದು ಕಿಟಕಿಯಲ್ಲಿ ಕೊಡುತ್ತಾನೆ. ರಾಜಂ ಏನೋ ಹೇಳಿದಂತಾಗುತ್ತದೆ, ಗಾಡಿಯ ಸದ್ದಿನಲ್ಲಿ ಕೇಳಿಸುವುದಿಲ್ಲ. ಅವನು ಕಾಗದ ಬರೆಯುತ್ತಾನೆಯೆ ಎಂದು ಸ್ವಾಮಿ ಕೇಳುತ್ತಾನೆ. ಬರೆಯುತ್ತಾನೆಂದು ಮಣಿ ಭರವಸೆ ಕೊಡುತ್ತಾನೆ. ಅದು ನಿಜವೋ, ತನ್ನನ್ನು ಸಂತೈಸಲು ಆಡಿದ ಮಾತೋ ಎಂದು ಸ್ವಾಮಿ ಅವನ ಮುಖವನ್ನು ನೋಡುತ್ತಾನೆ. ಯಾವಾಗಲೂ ತೆರೆದ ಪುಸ್ತಕದಂತಿದ್ದ ಆ ಮುಖ ಆ ದಿನ ಏನನ್ನೂ ಹೇಳುವುದಿಲ್ಲ.